ಸಾಲ್ಫರ್ಡ್‌ಗೆ ಸಿಟಿ ಪಟ್ಟ ಕೊಟ್ಟವರು ಯಾರು?

ಮ್ಯಾಂಚೆಸ್ಟರ್‌ನಿಂದ ಸಾಲ್ಫರ್ಡ್‌ಗೆ ಹೋಗಲು ಇರ್ವೆಲ್ ಹೊಳೆಯ ಸೇತುವೆ ದಾಟಿದರೆ ಆಯಿತು. ಎರಡೂ ದೊರೆಯ ಸನ್ನದಿನಿಂದ ಸಿಟಿ ಎನಿಸಿಕೊಂಡವೇ; ಎರಡಕ್ಕೂ ಬೇರೆ ಬೇರೆ ಕೌನ್ಸಿಲ್. ದೊಡ್ಡಣ್ಣನ ಮಗ್ಗುಲಲ್ಲೇ ಇರುವ ಸಾಲ್ಫರ್ಡ್‌ಗೆ ಆ ಪಟ್ಟ ಹೇಗೆ ದಕ್ಕಿತು ಎಂಬುದು ನನ್ನನ್ನು ಹಳೆಯ ದಾಖಲೆಗಳತ್ತ ಎಳೆಯಿತು.

ಕೆಥೆಡ್ರಲ್ ಇದ್ದ ಊರೇ ಸಿಟಿ ಎಂಬ ನಂಬಿಕೆ ಇಂಗ್ಲೆಂಡಿನಲ್ಲಿ ಇನ್ನೂ ಉಂಟು. ಸಾಲ್ಫರ್ಡ್‌ನಲ್ಲಿ 1848ರ ಕೆಥೆಡ್ರಲ್ ಇದೆ, ಆದರೆ ಅದು ಕ್ಯಾಥೊಲಿಕರದ್ದು. ಲೆಕ್ಕಕ್ಕೆ ಬರುತ್ತಿದ್ದದ್ದು ಆಂಗ್ಲಿಕನ್ ಪೀಠ. ಆ ಲೆಕ್ಕವೂ 1889ರಲ್ಲೇ ಮುರಿದಿತ್ತು: ಆಂಗ್ಲಿಕನ್ ಕೆಥೆಡ್ರಲ್ ಇಲ್ಲದ ಬರ್ಮಿಂಗ್‌ಹ್ಯಾಮ್ ಅಂದು ಸಿಟಿಯಾಯಿತು.

ಹಳಮೆಯೇ ಕಾರಣವಿರಬಹುದೇ? ಚೆಸ್ಟರ್‌ನ ಅರ್ಲ್ ರಾನುಲ್ಫ್ ಸಾಲ್ಫರ್ಡ್‌ಗೆ ಪಟ್ಟಣದ ಸನ್ನದು ಕೊಟ್ಟದ್ದು ಸುಮಾರು 1230ರಲ್ಲಿ. ಮ್ಯಾಂಚೆಸ್ಟರ್‌ಗೆ ಅಂಥದ್ದು ಸಿಕ್ಕಿದ್ದು 1301ರಲ್ಲಿ. ಅಷ್ಟೇ ಅಲ್ಲ, ಮ್ಯಾಂಚೆಸ್ಟರ್ ಸೇರಿದ್ದು ಸಾಲ್ಫರ್ಡ್ ಹೋಬಳಿಗೆ! ಆದರೂ ಮ್ಯಾಂಚೆಸ್ಟರ್ 1853ರಲ್ಲೇ ಸಿಟಿಯಾಯಿತು, ಸಾಲ್ಫರ್ಡ್ 1926ರವರೆಗೆ ಕಾಯಬೇಕಾಯಿತು. ಹಿರಿತನಕ್ಕೆ ಯಾರೂ ಮಣೆ ಹಾಕಿರಲಿಲ್ಲ.

ಉಳಿದದ್ದು ಜನಸಂಖ್ಯೆ. ಪಟ್ಟ ಬೇಡುವ ಊರಿಗೆ ಮೂರು ಲಕ್ಷ ಜನ ಇರಬೇಕೆಂದು 1907ರಲ್ಲಿ ನಿಗದಿಯಾಗಿತ್ತು. ಸಾಲ್ಫರ್ಡ್ ಎರಡೂವರೆ ಲಕ್ಷವನ್ನೂ ಮುಟ್ಟಿರಲಿಲ್ಲ. ಗೃಹ ಇಲಾಖೆಯ ಅಧಿಕಾರಿಗಳಂತೂ ಅದನ್ನು ಊರೆಂದೇ ಎಣಿಸಲಿಲ್ಲ. ಮ್ಯಾಂಚೆಸ್ಟರ್‌ನಿಂದ ಹೊಳೆಯೊಂದು ಬೇರ್ಪಡಿಸಿದ ಜನರ ಗುಂಪು ಎಂಬ ಧಾಟಿಯ ಷರಾ ಬರೆದು ತಳ್ಳಿಹಾಕಿದರು. ತಾತ್ಸಾರ ಹೊಸದೇನಲ್ಲ. 1894ರಲ್ಲಿ ಮ್ಯಾಂಚೆಸ್ಟರ್ ಹಡಗು ಕಾಲುವೆ ತೆರೆದಾಗ ಮುಖ್ಯ ಹಡಗುಕಟ್ಟೆಗಳು ಸಾಲ್ಫರ್ಡ್ ನೆಲದಲ್ಲಿದ್ದರೂ ಬಂದರಿಗೆ ಹೆಸರು ಬಂದದ್ದು ಮ್ಯಾಂಚೆಸ್ಟರ್‌ನದು.

ಅಧಿಕಾರಿಗಳ ಮಾತನ್ನು ಬದಿಗಿಟ್ಟು ಸಾಲ್ಫರ್ಡ್ ಪರ ನಿಂತವರು ಗೃಹ ಸಚಿವ ವಿಲಿಯಂ ಜಾಯ್ನ್‌ಸನ್-ಹಿಕ್ಸ್. 1908ರ ಉಪಚುನಾವಣೆಯಲ್ಲಿ ವಿನ್‌ಸ್ಟನ್ ಚರ್ಚಿಲ್ಲರನ್ನು ಸೋಲಿಸಿ ಸಂಸತ್ತಿಗೆ ಹೋದದ್ದು ಇವರೇ, ಅದೂ ಮ್ಯಾಂಚೆಸ್ಟರ್ ಕ್ಷೇತ್ರದಿಂದ. ಆ ಸೀಮೆಯ ನಂಟು ಕೆಲಸ ಮಾಡಿತೆಂದೇ ನನ್ನ ಊಹೆ. ನಿಯಮ ಹಾಗೇ ಉಳಿಯಿತು, ಸಾಲ್ಫರ್ಡ್ ಸಿಟಿಯಾಯಿತು.

ಅಲ್ಲಿಗೆ ಮುಗಿಯಲಿಲ್ಲ. 1972ರ ಸ್ಥಳೀಯ ಆಡಳಿತ ಕಾಯ್ದೆ ಬರೊ ಎಂಬ ಹಳೆಯ ಪುರಾಡಳಿತ ಘಟಕಗಳನ್ನು ರದ್ದು ಮಾಡಿತು. 1974ರ ಏಪ್ರಿಲ್ 1ರಂದು ಸಾಲ್ಫರ್ಡ್, ಎಕಲ್ಸ್, ಸ್ವಿಂಟನ್-ಪೆಂಡಲ್‌ಬರಿ, ಇರ್ಲಮ್, ವರ್ಸ್ಲಿ ಕೂಡಿ ಮೆಟ್ರೊಪಾಲಿಟನ್ ಬರೊ ಹುಟ್ಟಿತು. ಸಿಟಿ ಪಟ್ಟಕ್ಕೆ ಮತ್ತೆ ಹೊಸ ಸನ್ನದು ಬೇಕಾಯಿತು, ಸಿಕ್ಕಿತು. ಹೀಗಾಗಿ ಚಾಟ್ ಮಾಸ್ ಎಂಬ ಜೌಗುನೆಲದ ದೊಡ್ಡ ಭಾಗವೂ ಇಂದು ‘ಸಿಟಿ’ಯೊಳಗಿದೆ.

ಸಿಟಿ ಪಟ್ಟದ ಸನ್ನದು ಎಂಬ ಈ ಕಾಗದದ ಬೆಲೆ ತಿಳಿಯಲು ಕೆಂಟ್‌ನ ರಾಚೆಸ್ಟರ್ ನೋಡಬೇಕು. ಕ್ರಿ.ಶ. 604ರಿಂದ ಅದು ಬಿಷಪ್ ಪೀಠ. 1998ರಲ್ಲಿ ಅದರ ಕೌನ್ಸಿಲ್ ರದ್ದಾದಾಗ ಪಟ್ಟ ಕಾಯಲು ಸನ್ನದಿನ ಟ್ರಸ್ಟಿಗಳನ್ನು ನೇಮಿಸಲಿಲ್ಲ. ಪಟ್ಟ ಹೋದದ್ದು ಗೊತ್ತಾದದ್ದೇ 2002ರಲ್ಲಿ.