ಬೆಳಗೊಳದ ಗೊಬ್ಬರ ಮತ್ತು ಒಂದು ನಲ್ಲಿ

ಮೈಸೂರಿನಿಂದ ಬೃಂದಾವನ ನೋಡಲು ಕನ್ನಂಬಾಡಿಗೆ ಹೋಗುವವರು ದಾರಿಯಲ್ಲಿ ಬೆಳಗೊಳ ದಾಟುತ್ತಾರೆ. ಬಸ್ಸಿನ ಕಿಟಕಿಗೆ ವಿಶೇಷವೇನೂ ಕಾಣದ ಈ ಊರಿಗೆ ದೇಶದ ಕೈಗಾರಿಕಾ ಚರಿತ್ರೆಯಲ್ಲಿ ಸ್ಥಾನವಿದೆ. ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದಾಗ, 1930ರ ದಶಕದ ಕೊನೆಗೆ, ಇಲ್ಲಿ ತಲೆಯೆತ್ತಿದ ಮೈಸೂರು ಕೆಮಿಕಲ್ಸ್ ಅಂಡ್ ಫರ್ಟಿಲೈಸರ್ಸ್ ಕಾರ್ಖಾನೆ ಭಾರತದಲ್ಲಿ ಮೊದಲು ಕೃತಕ ಅಮೋನಿಯಾ ತಯಾರಿಸಿತು.

ಅದರಿಂದ ಆಗುತ್ತಿದ್ದುದು ಅಮೋನಿಯಂ ಸಲ್ಫೇಟ್. ರೈತ ಈ ಗೊಬ್ಬರವನ್ನು ಕೈಯಲ್ಲೇ ಎರಚಬಹುದು. ಆದರೆ ಅದು ಹುಟ್ಟುವ ಎರಡು ವಸ್ತುಗಳು, ಅಮೋನಿಯಾ ಮತ್ತು ಗಂಧಕಾಮ್ಲ, ಮೈಗೆ ತಾಗಿದರೆ ಸುಡುತ್ತವೆ. ಅದೂ ಬೇರೆಬೇರೆ ಬಗೆಯಲ್ಲಿ.

ಗಂಧಕಾಮ್ಲ ಚರ್ಮದ ನೀರನ್ನೇ ಹೀರಿ, ಕಾವು ಹುಟ್ಟಿಸಿ ಕರಕಾಗಿಸುತ್ತದೆ. ಹಾಗೆ ಗಟ್ಟಿಯಾದ ಪದರ ಆಮ್ಲ ಒಳಗಿಳಿಯುವುದನ್ನು ತುಸು ತಡೆಯುವುದೂ ಉಂಟು. ಅಮೋನಿಯಾ ಕ್ಷಾರ, ಅದು ಮಾಂಸವನ್ನು ಕರಗಿಸುತ್ತ ಆಳಕ್ಕೆ ಹೋಗುತ್ತದೆ. ಕಣ್ಣಿಗಂತೂ ಬಲು ಕೆಟ್ಟದ್ದು. ಎಲೆಯಡಿಕೆಗೆ ಸುಣ್ಣ ಹೆಚ್ಚಾಗಿ ಬಾಯಿ ಬೆಂದ ಮೈಸೂರಿಗರಿಗೆ ಕ್ಷಾರದ ರುಚಿ ಹೇಳಿಕೊಡಬೇಕಿಲ್ಲ! ಐಸ್ ಕಾರ್ಖಾನೆ, ಶೀತಲಗೃಹಗಳಲ್ಲಿ ಇಂದಿಗೂ ಅಮೋನಿಯಾ ಬಳಕೆಯಲ್ಲಿದೆ.

ಆಮ್ಲ ಬಿದ್ದರೆ ಕ್ಷಾರ ಹಚ್ಚಿ, ಕ್ಷಾರ ಬಿದ್ದರೆ ಆಮ್ಲ ಹಚ್ಚಿ ಎಂಬ ಶಾಲಾ ಪ್ರಯೋಗಾಲಯದ ಲೆಕ್ಕ ಮೈಮೇಲೆ ನಡೆಯದು. ಎರಡೂ ಕೂಡಿದಾಗ ಏಳುವ ಶಾಖ ಗಾಯವನ್ನು ಹೆಚ್ಚಿಸುತ್ತದೆ. ಬೇಕಾದದ್ದು ನೀರು: ಬಟ್ಟೆ ಕಳಚಿ, ತಡಮಾಡದೆ, ಇಪ್ಪತ್ತು ನಿಮಿಷಕ್ಕೆ ಕಡಿಮೆಯಿಲ್ಲದಂತೆ ಧಾರೆಯಾಗಿ ಹರಿಯುವ ನೀರು. ಮೈಸೂರಿನ ದೊಡ್ಡಾಸ್ಪತ್ರೆ ಎಷ್ಟೇ ಒಳ್ಳೆಯದಿರಲಿ, ಗಾಯ ಎಷ್ಟು ಆಳ ಎಂಬುದು ಬಹುಪಾಲು ಅಲ್ಲಿಗೆ ತಲುಪುವ ಮುನ್ನವೇ ತೀರ್ಮಾನವಾಗಿರುತ್ತದೆ.

ಬೆಳಗೊಳದಲ್ಲಿ ಅಮೋನಿಯಾ ಶುರುವಾಗಿ ಸುಮಾರು ಹತ್ತು ವರ್ಷದ ಮೇಲೆ ಸ್ವತಂತ್ರ ಭಾರತದ 1948ರ ಕಾರ್ಖಾನೆ ಕಾಯಿದೆ ಬಂತು. ಕಣ್ಣಿಗೆ ಅಪಾಯವಿರುವ ಕೆಲಸಗಳಲ್ಲಿ ಕನ್ನಡಕ ಇಲ್ಲವೆ ಮರೆ, 150 ಕಾರ್ಮಿಕರಿಗೊಂದು ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, 500ಕ್ಕೂ ಹೆಚ್ಚು ಜನರಿದ್ದರೆ ಚಿಕಿತ್ಸಾ ಕೊಠಡಿ ಎಂದು ಅದು ವಿಧಿಸಿತು. ಆದರೆ ತಾನು ಮುಟ್ಟುವ ವಸ್ತು ಯಾವುದು, ಅದರಿಂದ ಅಪಾಯವೇನು ಎಂದು ಕಾರ್ಮಿಕನಿಗೆ ಬಿಡಿಸಿ ಹೇಳುವ ಹೊಣೆ ಕಾಯಿದೆಯಲ್ಲಿ ಸ್ಪಷ್ಟವಾಗಲು ಭೋಪಾಲ್ ಆಗಬೇಕಾಯಿತು. 1984ರ ಡಿಸೆಂಬರ್ ದುರಂತದ ನಂತರ, 1987ರ ತಿದ್ದುಪಡಿ ಈ ಹೊಣೆಯನ್ನು ಮಾಲೀಕರ ಮೇಲೆ ಹೊರಿಸಿತು. ಸನ್ನಿಹಿತ ಅಪಾಯ ಕಂಡರೆ ಆಡಳಿತಕ್ಕೆ ತಿಳಿಸುವುದರ ಜೊತೆಗೇ ನೇರ ಇನ್ಸ್‌ಪೆಕ್ಟರಿಗೂ ತಿಳಿಸುವ ಹಕ್ಕನ್ನು ಕಾರ್ಮಿಕನಿಗೆ ಕೊಟ್ಟಿತು. ಆಮ್ಲದ ಟ್ಯಾಂಕಿನ ಪಕ್ಕದ ನಲ್ಲಿ ಒಣಗಿದ್ದರೆ ಅದೂ ಇಂಥ ದೂರಿಗೆ ತಕ್ಕ ವಿಷಯವೇ.