ಪರದೆಯ ಮೇಲಿನ ಚೀನಾ

ನಾವು ಚೀಟಿ ಬಟ್ಟೆಯೆನ್ನುವುದನ್ನು ಆಂಗ್ಲರು ‘ಚಿಂಟ್ಸ್’ ಎನ್ನುತ್ತಾರೆ. ಹೆಸರೂ ಕಸುಬೂ ಭಾರತದಿಂದ ಹೋದುವು. 17ನೆಯ ಶತಮಾನದಲ್ಲಿ ಚೋಳಮಂಡಲ ತೀರದ ಚಿತ್ತಾರದ ಅರಿವೆ ಲಂಡನ್ನಿನ ಮಂಚಗಳಿಗೆ ಪರದೆಯಾಯಿತು. ಅಲ್ಲಿಯ ಉಣ್ಣೆ, ರೇಷ್ಮೆ ನೇಕಾರರು ಮೊರೆಯಿಡಲು, 1721ರಲ್ಲಿ ಅಚ್ಚಿನ ಹತ್ತಿಬಟ್ಟೆಗೆ ನಿಷೇಧ ಬಂದಿತು; 1774ರಲ್ಲಿ ಸ್ವದೇಶದ ತಯಾರಿಕೆಗೆ ಮಾತ್ರ ಸಡಿಲವಾಯಿತು.

ಎರಡನೆಯ ಮಹಾಯುದ್ಧ ಬ್ರಿಟನ್ನಿಗೆ ಅರಿವೆಯ ಪಡಿತರವನ್ನು ತಂದಿತು. ಸರಕಾರದ ‘ಯುಟಿಲಿಟಿ’ ಯೋಜನೆಗಾಗಿ ಎನಿಡ್ ಮಾರ್ಕ್ಸ್ ರಚಿಸಿದ ಕುರ್ಚಿಬಟ್ಟೆಗಳಲ್ಲಿ ಚಿತ್ತಾರ ಚಿಕ್ಕದು, ಬಣ್ಣಗಳು ಕೆಲವೇ. ಚಿತ್ತಾರ ಹೊಂದಿಸಿ ಕತ್ತರಿಸುವಾಗ ಬಟ್ಟೆ ಪೋಲಾಗಬಾರದಲ್ಲವೆ? 1949ರಲ್ಲಿ ಪಡಿತರ ತೊಲಗಿತು. 1952ರಲ್ಲಿ ಪೀಠೋಪಕರಣಗಳ ಯೋಜನೆಯೂ ಮುಗಿಯಿತು. ಬಣ್ಣಕ್ಕೊಂದು ಜಾಲರಿ ಚೌಕಟ್ಟಿಟ್ಟು ಅಚ್ಚೊತ್ತುವ ಕ್ರಮದಿಂದ ದೊಡ್ಡ ಚಿತ್ರಗಳು ಸುಲಭಸಾಧ್ಯವಾದುವು. ಪರದೆಗಳ ಮೇಲೆ ಪಗೋಡ, ಬಿದಿರು, ಕಮಾನು ಸೇತುವೆ, ಗಾಳ ಹಿಡಿದ ಬೆಸ್ತರು ಮೂಡಿದರು.

ಆದರೆ ಇದು ಯಾವ ಚೀನಾ? 1949ರಲ್ಲಿಯೇ ಪೀಕಿಂಗಿನಲ್ಲಿ ಜನತಾ ಗಣರಾಜ್ಯ ಘೋಷಿತವಾಗಿತ್ತು. ಪರದೆಯ ಚೀನಾ ಮಾತ್ರ 18ನೆಯ ಶತಮಾನದ ಯೂರೋಪು ಕಲ್ಪಿಸಿಕೊಂಡ ನಾಡು. ಅಲ್ಲಿ ಯುದ್ಧವಿಲ್ಲ, ಕ್ರಾಂತಿಯಿಲ್ಲ, ಹಸಿವಿಲ್ಲ. ಕೊರತೆಯಲ್ಲಿ ಬಳಲಿದವರಿಗೆ ಆ ನೆಮ್ಮದಿ ಬೇಕಾಗಿದ್ದಿರಬೇಕು. ಅದನ್ನು ನಾವು ಹಳಿಯಲಾರೆವು. ಆದರೆ ಅನ್ಯರ ನಾಡನ್ನು ಅಲಂಕಾರವಾಗಿ ಮಾತ್ರ ಕಂಡವರಿಗೆ ಅಲ್ಲಿಯ ಜನ ಕಾಣುವುದಿಲ್ಲ. ನೆರೆಯವರನ್ನು ಕಾಣುವಾಗ ನಾವೂ ಇದನ್ನು ನೆನೆಯಬೇಕು.