ದೇವರಗುಡ್ಡವೂ ದೇವರ ಗಡ್ಡವೂ

ಬ್ಯಾಡಗಿಯಿಂದ ರಾಣೆಬೆನ್ನೂರಿಗೆ ರೈಲಿನಲ್ಲಿ ಹೋಗುವವರಿಗೆ ನಡುವೆ ದೇವರಗುಡ್ಡವೆಂಬ ಸಣ್ಣ ನಿಲ್ದಾಣ ಸಿಕ್ಕುತ್ತದೆ. ಮಾಲತೇಶನ ಕ್ಷೇತ್ರ, ಗೊರವರ ಊರು. ಆಯುಧಪೂಜೆಯ ದಿನ ಗೊರವಪ್ಪ ಬಿಲ್ಲನ್ನೇರಿ ‘ಸದ್ದಲೇ’ ಎಂದೊಡನೆ ನೆರೆದ ಜನರ ಗದ್ದಲವೆಲ್ಲ ಅಡಗಿಬಿಡುತ್ತದೆ. ಆಮೇಲೆ ಅವನ ಬಾಯಿಂದ ಬೀಳುವ ಒಂದೇ ಮಾತು ಕಾರಣಿಕ. ಮಳೆ, ಬೆಳೆ, ರಾಜಕಾರಣ ಎಲ್ಲಕ್ಕೂ ಅದರಲ್ಲೇ ಅರ್ಥ ಹುಡುಕುತ್ತಾರೆ. ಒಂದಕ್ಷರ ತಪ್ಪಿ ಕೇಳಿದರೆ ವರ್ಷದ ಫಲವೇ ಬೇರೆಯಾದೀತು!

ಉಚ್ಚಾರಕ್ಕೆ ಇಷ್ಟು ಬೆಲೆಯುಳ್ಳ ಊರಿನ ಹೆಸರನ್ನು ನನ್ನ ತರಗತಿಯ ಹುಡುಗನೊಬ್ಬ ಇಂಗ್ಲಿಷ್ ಬರಹದಿಂದ ಕನ್ನಡಕ್ಕೆ ಇಳಿಸುತ್ತ ‘ದೇವರ ಗಡ್ಡ’ ಎಂದು ಬರೆದ. ಅವನು ಹೊರನಾಡಿನಲ್ಲಿ ಬೆಳೆದವನು. ಉಳಿದವರು ನಕ್ಕರು. ನಗು ನನಗೂ ಬಂತು. ಆದರೆ ಅವನನ್ನು ಹಳಿಯಲು ಮನಸ್ಸಾಗಲಿಲ್ಲ. ‘ಗನ್’, ‘ಗಟರ್’, ‘ಮಡ್’ ಎಂಬ ಶಬ್ದಗಳಲ್ಲಿ ‘ಯು’ ಅಕ್ಷರವನ್ನು ಓದುವಂತೆಯೇ ಇಲ್ಲಿಯೂ ಓದಿದ್ದ. ಇಂಗ್ಲಿಷ್ ಕಲಿಸಿದ ಗುರುಗಳು ಮೆಚ್ಚಬೇಕಾದ ಓದು.

‘ಬಟ್’ ಎಂದಮೇಲೆ ‘ಪುಟ್’ ಏಕೆಂದು ಕೇಳದ ಶಾಲಾಬಾಲಕನಿಲ್ಲ. ಉತ್ತರ ಚರಿತ್ರೆಯಲ್ಲಿದೆ. ಹಿಂದೆ ಇಂಗ್ಲಿಷಿನಲ್ಲಿ ಎರಡೂ ಉಕಾರವೇ. ಹದಿನೇಳನೆಯ ಶತಮಾನದಲ್ಲಿ ದಕ್ಷಿಣ ಇಂಗ್ಲೆಂಡಿನವರ ನಾಲಗೆ ಹೊರಳಿ, ಬಹುಪಾಲು ಶಬ್ದಗಳಲ್ಲಿ ಉಕಾರ ನಮ್ಮ ಅಕಾರದ ಸಮೀಪಕ್ಕೆ ಬಂತು. ‘ಪುಟ್’, ‘ಪುಲ್’, ‘ಫುಲ್’ ಮುಂತಾದ ಕೆಲವು ಮಾತ್ರ ಹಳೆಯ ಮನೆಯಲ್ಲೇ ಉಳಿದವು. ಅಚ್ಚಿನ ಮನೆಯವರು ಕಾಗುಣಿತವನ್ನು ಆಗಲೇ ಬಹುಮಟ್ಟಿಗೆ ಬಿಗಿದುಬಿಟ್ಟಿದ್ದರು. ನಾಲಗೆ ಹೋದತ್ತ ಅಕ್ಷರ ಹೋಗಲಿಲ್ಲ. ಉತ್ತರದವರು ಹೊರಳಲೇ ಇಲ್ಲ. ಹಳೆಯ ಮಾತು ಬಿಡದ ಯಾರ್ಕ್‌ಷೈರಿನ ರೈತನೊಬ್ಬ ನಮ್ಮ ನಿಲ್ದಾಣದ ಹಲಗೆಯನ್ನು ಓದಿದರೆ ಗುಡ್ಡವನ್ನು ಗುಡ್ಡವೆಂದೇ ಓದಿಯಾನು!

ನಮ್ಮ ಹೆಸರುಗಳನ್ನು ಬರೆದುಕೊಂಡವರಾದರೋ ಹೆಚ್ಚಾಗಿ ಈ ಹೊರಳಿದ ಕಿವಿಯವರು. ‘ಸತಿ’, ‘ಪಂಡಿತ’, ‘ಪಂಜಾಬ್’ ಎಂಬಲ್ಲಿಯ ಅಕಾರಕ್ಕೆ ಅವರು ‘ಯು’ ಹಾಕಿದರು. ಟಿಪ್ಪುವಿನ ಕೊನೆಗೆ, ಹಿಂದುವಿನ ಕೊನೆಗೆ ಎರಡೆರಡು ‘ಓ’ ಅಂಟಿಸಿದರು. 1800ರಲ್ಲಿ ಕಲ್ಕತ್ತೆಯ ಫೋರ್ಟ್ ವಿಲಿಯಂ ಕಾಲೇಜು ಸೇರಿದ ಗಿಲ್‌ಕ್ರಿಸ್ಟ್ ಇದನ್ನೇ ಪದ್ಧತಿಯಾಗಿ ಕಲಿಸಿದ. ಅದಕ್ಕೂ ಮುಂಚೆ, 1788ರಲ್ಲಿ ಅಚ್ಚಾದ ತನ್ನ ಪ್ರಬಂಧದಲ್ಲಿ, ಸರ್ ವಿಲಿಯಂ ಜೋನ್ಸ್ ಇಟಲಿಯವರಂತೆ ‘ಎ’ಯನ್ನು ಅಕಾರಕ್ಕೂ ‘ಯು’ವನ್ನು ಉಕಾರಕ್ಕೂ ಇಟ್ಟಿದ್ದ. ಪಂಡಿತನ ಮಾತು ಗುಮಾಸ್ತರಿಗೆ ರುಚಿಸಲಿಲ್ಲ. 1870ರ ದಶಕದಲ್ಲಿ ಹಂಟರ್ ಎಂಬ ಅಧಿಕಾರಿ ಜೋನ್ಸನ ದಾರಿಯನ್ನೇ ಸರ್ಕಾರದ ದಾರಿಯಾಗಿಸಿದ. ಆದರೆ ಹೆಸರುವಾಸಿಯಾದ ಊರುಗಳ ಹಳೆಯ ರೂಪವನ್ನು ಮುಟ್ಟಲಿಲ್ಲ. ಆದುದರಿಂದ ಪಂಜಾಬಿನ ‘ಯು’ ಅಕಾರ, ಉಡುಪಿಯ ‘ಯು’ ಉಕಾರ. ಇವೆರಡನ್ನೂ ಒಂದೇ ನಕಾಶೆಯಲ್ಲಿ ನೋಡಿ ಬೆಳೆದ ಹುಡುಗನಿಗೆ ಗುಡ್ಡ ಯಾವುದು, ಗಡ್ಡ ಯಾವುದು ಎಂದು ತಿಳಿಯುವುದು ಹೇಗೆ?

ಊರಿಗೆ ಗುಡ್ಡದ ಗುಡ್ಡಾಪುರವೆಂಬ ಹೆಸರೂ ಉಂಟು. 1884ರ ಧಾರವಾಡ ಜಿಲ್ಲೆಯ ಗೆಜೆಟಿಯರಿನಲ್ಲಿ ಅದು ‘ಗುಡ್‌ಗುಡ್ಡಾಪುರ’. ಕೇಳಿದರೆ ಹುಕ್ಕಾ ಸೇದಿದ ಸದ್ದು. ಆ ಗ್ರಂಥದವರು ದೀರ್ಘ ಸ್ವರಗಳ ನೆತ್ತಿಯ ಮೇಲೆ ಶ್ರದ್ಧೆಯಿಂದ ಗೆರೆ ಎಳೆದರು, ಆದರೆ ದಕಾರ ಡಕಾರಗಳಿಗೆ ಒಂದೇ ‘ಡಿ’ ಸಾಕೆಂದರು. ದೇವರ ಮೊದಲಕ್ಷರವೂ ಗುಡ್ಡದ ಕೊನೆಯಕ್ಷರವೂ ಅವರಿಗೆ ಒಂದೇ. ಅಪರಿಚಿತನು ‘ದೇವರಗುದ್ದ’ ಎಂದು ಓದಿದರೆ ದೇವರಿಗೆ ಗುದ್ದು ಬಿದ್ದಂತೆಯೇ ಸರಿ.

2014ರ ನವೆಂಬರ್ 1ರಿಂದ ನಮ್ಮ ಸರ್ಕಾರ ಹನ್ನೆರಡು ಊರುಗಳ ಇಂಗ್ಲಿಷ್ ಬರಹವನ್ನು ಕನ್ನಡದ ಉಚ್ಚಾರಕ್ಕೆ ತಿದ್ದಿತು. ಒಳ್ಳೆಯ ಕೆಲಸವೇ. ಹುಬ್ಳಿ ಹೋಗಿ ಹುಬ್ಬಳ್ಳಿ ಬಂತು; ಬಕಾರ ಇಮ್ಮಡಿಸಿತು, ಲಕಾರವೂ ಇಮ್ಮಡಿಸಿತು. ‘ಯು’ ಮಾತ್ರ ಕುಳಿತಲ್ಲೇ ಕುಳಿತಿದೆ. ನನ್ನ ಆ ಹುಡುಗ ಅದನ್ನು ‘ಹಬ್ಬಳ್ಳಿ’ ಎಂದು ಓದುತ್ತಾನೆ.